‘ಸ್ಲೋ ಐವಿ’ ಅಂದರೆ ಎಷ್ಟು ನಿಧಾನ?

ಸಿಸ್ಟರ್, ನಿಮ್ಮ ಪ್ರಶ್ನೆ ನೋಡಿದೆ. ಆರ್ಡರ್‌ನಲ್ಲಿ ‘ಸ್ಲೋ ಐವಿ’ (ರಕ್ತನಾಳಕ್ಕೆ ನಿಧಾನವಾಗಿ ಕೊಡಿ) ಎಂದಷ್ಟೇ ಬರೆದಿರುತ್ತಾರೆ, ವಾರ್ಡ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಕೊಡುತ್ತಾರೆ, ಹಾಗಾದರೆ ಸರಿಯಾಗಿ ಎಷ್ಟು ಹೊತ್ತು ಕೊಡಬೇಕು ಎಂದು ಕೇಳಿದ್ದೀರಿ. ಅದು ಔಷಧಿಯಿಂದ ಔಷಧಿಗೆ ಬೇರೆ. ಆದರೆ ಯಾವುದನ್ನೇ ಆಗಲಿ ಅಂದಾಜಿನಲ್ಲಿ ಕೊಡಬೇಡಿ, ಗಡಿಯಾರ ನೋಡಿ ಕೊಡಿ. ನಿಧಾನವಾಗಿಯೇ ಒತ್ತುತ್ತಿದ್ದೇನೆ ಅನ್ನಿಸುತ್ತಿರುತ್ತದೆ, ನೋಡಿದರೆ ಅರ್ಧ ನಿಮಿಷವೂ ಆಗಿರುವುದಿಲ್ಲ. ಪಕ್ಕದ ಬೆಡ್‌ನಿಂದ ಯಾರಾದರೂ ಕರೆಯುತ್ತಿದ್ದರಂತೂ ಇನ್ನೂ ಬೇಗ ಮುಗಿದುಹೋಗುತ್ತದೆ.

ನಾನು ಸಿರಿಂಜ್‌ನಲ್ಲಿರುವುದನ್ನು 15 ಸೆಕೆಂಡ್‌ಗೆ ಇಷ್ಟು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳುತ್ತೇನೆ. ಮೂತ್ರ ಹೆಚ್ಚಿಸುವ ಫ್ರುಸೆಮೈಡ್ 40 ಮಿಗ್ರಾಂ ಇದೆ ಅಂದುಕೊಳ್ಳಿ, ಅಂದರೆ 4 ಎಂಎಲ್. ಎರಡು ನಿಮಿಷದಲ್ಲಿ ಹೋಗಬೇಕು. ಹಾಗಾದರೆ 15 ಸೆಕೆಂಡ್‌ಗೆ ಅರ್ಧ ಎಂಎಲ್. ಸೆಕೆಂಡ್ ಮುಳ್ಳು 12ರಿಂದ 3ಕ್ಕೆ ಬರುವಷ್ಟರಲ್ಲಿ ಪಿಸ್ಟನ್ ಅರ್ಧ ಎಂಎಲ್ ಮುಂದೆ ಹೋಗಿರಬೇಕು, 6ಕ್ಕೆ ಬಂದಾಗ ಇನ್ನರ್ಧ. ಇಷ್ಟು ಮಾಡಿದರೆ ಕೈ ತಾನಾಗಿ ಹದಕ್ಕೆ ಬರುತ್ತದೆ. ಫ್ರುಸೆಮೈಡ್ ದೊಡ್ಡ ಡೋಸ್‌ ಇದ್ದು ಬೇಗ ಕೊಟ್ಟರೆ ಕಿವಿಯಲ್ಲಿ ಗುಂಯ್ ಅನ್ನುವುದು, ಕೇಳಿಸುವುದು ಕಡಿಮೆಯಾಗುವುದು ಇದೆ. ಅದಕ್ಕೇ ದೊಡ್ಡ ಡೋಸ್‌ಗಳನ್ನು ಪುಶ್ (ಸಿರಿಂಜ್‌ನಿಂದ ನೇರ ಒತ್ತಿ ಕೊಡುವುದು) ಬದಲು ನಿಮಿಷಕ್ಕೆ 4 ಮಿಗ್ರಾಂ ಮೀರದಂತೆ ಇನ್ಫ್ಯೂಷನ್ (ಡ್ರಿಪ್) ಆಗಿ ಕೊಡುತ್ತಾರೆ.

ಪ್ಯಾಂಟೊಪ್ರಜೋಲ್ 40 ಮಿಗ್ರಾಂ ಅನ್ನು 10 ಎಂಎಲ್ ಎನ್‌ಎಸ್‌ನಲ್ಲಿ (ನಾರ್ಮಲ್ ಸಲೈನ್, ಅಂದರೆ ಉಪ್ಪುನೀರಿನ ದ್ರಾವಣ) ಕಲಸಿ ಕೊಡುವಾಗ ಕಡಿಮೆ ಅಂದರೂ 2 ನಿಮಿಷ. ಒಂಡಾನ್ಸೆಟ್ರಾನ್ 4 ಮಿಗ್ರಾಂಗೆ 2ರಿಂದ 5 ನಿಮಿಷ ಒಳ್ಳೆಯದು. ಮಾರ್ಫಿನ್‌ಗೆ 4–5 ನಿಮಿಷ, ಕೊಡುವಾಗಲೂ ಆಮೇಲೂ ಉಸಿರಾಟದ ಮೇಲೆ ಕಣ್ಣಿರಲಿ. ಫೆನಿಟಾಯಿನ್ ದೊಡ್ಡವರಿಗೆ ನಿಮಿಷಕ್ಕೆ 50 ಮಿಗ್ರಾಂ ದಾಟಲೇಬಾರದು, ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಅದಕ್ಕಿಂತ ನಿಧಾನ. ಬೇಗ ಹೋದರೆ ಬಿಪಿ ಬೀಳುತ್ತದೆ, ಹೃದಯದ ಲಯ ತಪ್ಪುತ್ತದೆ. ಮಾನಿಟರ್ ಹಾಕಿಯೇ ಕೊಡಿ. ಅದನ್ನು ಎನ್‌ಎಸ್ ಜೊತೆ ಮಾತ್ರ ಕೊಡಬೇಕು. ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಸೇರಿದರೆ ಲೈನ್‌ನಲ್ಲೇ ಹರಳುಗಟ್ಟುತ್ತದೆ.

ಇನ್ನು ಎರಡು ಔಷಧಿಗಳ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಪೇಶೆಂಟ್ ದೂರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮೆಟೋಕ್ಲೋಪ್ರಮೈಡ್ ಬೇಗ ಹೋದರೆ ಅವರಿಗೆ ತಡೆಯಲಾಗದ ಚಡಪಡಿಕೆ ಶುರುವಾಗುತ್ತದೆ, ಬೆಡ್ ಬಿಟ್ಟು ಎದ್ದು ಓಡಬೇಕು ಅನ್ನಿಸುತ್ತದೆ. ನಾವು ‘ಸುಮ್ನೆ ಗಾಬರಿ ಆಗಿದ್ದಾರೆ’ ಅಂದುಕೊಳ್ಳುತ್ತೇವೆ. ಡೆಕ್ಸಾಮೆಥಾಸೋನ್ ಬೇಗ ಹೋದರೆ ತೊಡೆಸಂದಿಯಲ್ಲಿ ಉರಿ, ತುರಿಕೆ ಬರುತ್ತದೆ. ಎಷ್ಟೋ ಜನ ನಾಚಿಕೆಗೆ ಹೇಳುವುದೇ ಇಲ್ಲ. ಎರಡೂ ಕಷ್ಟ ನಾವು ಸ್ವಲ್ಪ ಸಾವಕಾಶ ಮಾಡಿದರೆ ಬಹುಪಾಲು ತಪ್ಪುತ್ತವೆ, ಅಲ್ವಾ?

ಹೃದಯದ ಓಟ ತಗ್ಗಿಸುವ ಅಡೆನೋಸಿನ್ ಮಾತ್ರ ಉಲ್ಟಾ. ರಕ್ತದಲ್ಲಿ ಅದು 10 ಸೆಕೆಂಡ್‌ ಒಳಗೆ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಹಾಗಾಗಿ 1–2 ಸೆಕೆಂಡ್‌ನಲ್ಲಿ ಒತ್ತಿ, ಬೆನ್ನಿಗೇ 20 ಎಂಎಲ್ ಎನ್‌ಎಸ್ ಜೋರಾಗಿ ಬಿಡಬೇಕು. ನಿಧಾನ ಮಾಡಿದರೆ ಔಷಧಿ ಹೃದಯ ತಲುಪುವ ಮೊದಲೇ ಕರಗಿಹೋಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಎಷ್ಟೇ ನಿಧಾನ ಎಂದರೂ ಪುಶ್ ಬೇಡವೇ ಬೇಡ, ಹೃದಯ ನಿಂತುಹೋಗುತ್ತದೆ. ವ್ಯಾಂಕೋಮೈಸಿನ್ ಕೂಡ ಪುಶ್ ಅಲ್ಲ, ಕನಿಷ್ಠ 60 ನಿಮಿಷದ ಡ್ರಿಪ್.

ಈಗ ಜಾಸ್ತಿ ಜನ ಗಮನಿಸದ ಮಾತು, ಫ್ಲಶ್, ಅಂದರೆ ಔಷಧಿಯ ನಂತರ ಲೈನ್ ತೊಳೆಯಲು ಬಿಡುವ ಎನ್‌ಎಸ್. ಸಿರಿಂಜ್ ಖಾಲಿಯಾದ ಕೂಡಲೇ ಔಷಧಿ ಕೊಟ್ಟು ಮುಗಿಯಿತು ಅಂದುಕೊಂಡು ಎನ್‌ಎಸ್ ಅನ್ನು ಸರ್ರನೆ ಒತ್ತಿಬಿಡುತ್ತೇವೆ. ಪೋರ್ಟ್‌ನಿಂದ (ಸಿರಿಂಜ್ ಜೋಡಿಸುವ ಬಾಯಿ) ಕ್ಯಾನುಲಾ (ರಕ್ತನಾಳದೊಳಗಿನ ಸಣ್ಣ ನಳಿಕೆ) ತನಕದ ಟ್ಯೂಬ್‌ನಲ್ಲಿ ಇನ್ನೂ ಔಷಧಿ ಇದೆ. ಆ ಫ್ಲಶ್ ಅದನ್ನೇ ತಳ್ಳುತ್ತಿದೆ. ಎರಡು ನಿಮಿಷ ತಾಳ್ಮೆಯಿಂದ ಕೊಟ್ಟು, ಉಳಿದದ್ದನ್ನು ಎರಡೇ ಸೆಕೆಂಡ್‌ನಲ್ಲಿ ನುಗ್ಗಿಸಿದಂತಾಗುತ್ತದೆ. ಮಾರ್ಫಿನ್‌ನಂಥದ್ದು ಆಗಿದ್ದರೆ ಯೋಚಿಸಿ. ಫ್ಲಶ್ ಕೂಡ ಔಷಧಿ ಕೊಟ್ಟ ವೇಗದಲ್ಲೇ ಹೋಗಬೇಕು. ಪುಶ್ ಕೊಡಲು ಕ್ಯಾನುಲಾಗೆ ಅತಿ ಹತ್ತಿರದ ಪೋರ್ಟ್ ಆರಿಸಿಕೊಂಡರೆ ಟ್ಯೂಬ್‌ನಲ್ಲಿ ಉಳಿಯುವುದೂ ಕಡಿಮೆ. ಡ್ರಿಪ್ ಓಡುತ್ತಿದ್ದರೆ ಅದರ ಜೊತೆ ಹೊಂದುತ್ತದಾ ಎಂದು ಮೊದಲು ನೋಡಿ. ಸೆಫ್ಟ್ರಿಯಾಕ್ಸೋನ್ ಕೊಡಬೇಕಿದ್ದು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಓಡುತ್ತಿದ್ದರೆ ಎರಡೂ ಸೇರಬಾರದು, ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ, ಸೇರಿದರೆ ಹರಳುಗಟ್ಟುತ್ತದೆ. ಡ್ರಿಪ್ ನಿಲ್ಲಿಸಿ, ಎನ್‌ಎಸ್‌ನಿಂದ ಲೈನ್ ತೊಳೆದು, ಕೊಟ್ಟು, ಮತ್ತೆ ತೊಳೆದು ಶುರುಮಾಡಿ. ನವಜಾತ ಶಿಶುಗಳಲ್ಲಾದರೆ ತೊಳೆದೂ ಕೊಡಬಾರದು, ಡಾಕ್ಟರ್ ಹತ್ತಿರ ಮಾತಾಡಿ.

ಕೊಡುವ ಮೊದಲಿನದ್ದು ನಿಮಗೆ ಗೊತ್ತೇ ಇದೆ. ಹೆಸರು, ಅಲರ್ಜಿ, ಡೋಸ್, ಪೋರ್ಟನ್ನು ಸ್ಪಿರಿಟ್ ಸ್ವಾಬ್‌ನಿಂದ ಚೆನ್ನಾಗಿ ಉಜ್ಜಿ ಒಣಗಲು ಬಿಡುವುದು, ಲೋಡ್ ಮಾಡಿದ ಸಿರಿಂಜ್‌ಗೆ ಅಲ್ಲೇ ಲೇಬಲ್ ಹಚ್ಚುವುದು. ಲೈನ್ ಸರಿಯಾಗಿದೆಯಾ ಎಂದು ಮೊದಲು ಎನ್‌ಎಸ್ ಬಿಟ್ಟು ನೋಡುವಾಗ 10 ಎಂಎಲ್ ಸಿರಿಂಜ್ ಬಳಸಿ, ಚಿಕ್ಕ ಸಿರಿಂಜ್‌ನಲ್ಲಿ ಒತ್ತಡ ಜಾಸ್ತಿ ಬೀಳುತ್ತದೆ. ತಡೆದರೆ ಬಲ ಹಾಕಿ ತಳ್ಳಬೇಡಿ.

ಕೊಡುವಾಗ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಪೇಶೆಂಟ್ ಮುಖ ಮತ್ತು ಕೈ ಮೇಲೆ. ‘ಉರಿ ಆಗ್ತಿದೆಯಾ, ಎದೆ ಹಿಡಿದ ಹಾಗೆ ಇದೆಯಾ’ ಎಂದು ಕೇಳುತ್ತಿರಿ. ಜಾಗ ಊದಿದರೆ ತಕ್ಷಣ ನಿಲ್ಲಿಸಿ, ಆದರೆ ಕ್ಯಾನುಲಾ ಕಿತ್ತುಬಿಡಬೇಡಿ. ಮೊದಲು ಅದರಿಂದಲೇ ಆದಷ್ಟು ಔಷಧಿ ಹಿಂದಕ್ಕೆ ಎಳೆದು, ಡಾಕ್ಟರ್‌ಗೆ ಹೇಳಿ. ಶಾಖ ಬೇಕಾ ತಂಪು ಬೇಕಾ ಎಂಬುದು ಔಷಧಿಯ ಮೇಲೆ ಹೋಗುತ್ತದೆ.

ಮೈಯೆಲ್ಲ ದದ್ದು, ಉಬ್ಬಸ, ಬಿಪಿ ಇಳಿತ ಕಂಡರೆ ಅದು ತೀವ್ರ ಅಲರ್ಜಿ ಇರಬಹುದು, ಪುಶ್ ನಿಲ್ಲಿಸಿ, ಜನ ಕರೆಯಿರಿ. ಐವಿ ಲೈನ್ ಇದೆ ಎಂದು ಆ ಗಡಿಬಿಡಿಯಲ್ಲಿ ಅದಕ್ಕೆ ಕೊಡುವ ಅಡ್ರಿನಲಿನ್ ಅನ್ನು ಐವಿ ಒತ್ತಬೇಡಿ. ದೊಡ್ಡವರಿಗೆ ಮೊದಲ ಡೋಸ್ 0.5 ಮಿಗ್ರಾಂ, ತೊಡೆಯ ಹೊರಭಾಗದ ಮಧ್ಯದಲ್ಲಿ ಐಎಂ (ಸ್ನಾಯುವಿಗೆ). 1 ಎಂಎಲ್‌ಗೆ 1 ಮಿಗ್ರಾಂ ಇರುವ ಆಂಪೂಲ್‌ನಿಂದ ಅರ್ಧ ಎಂಎಲ್.

ಆರ್ಡರ್‌ನಲ್ಲಿ ವೇಗ ಇಲ್ಲದಿದ್ದರೆ ಫಾರ್ಮಸಿಗೆ ಫೋನ್ ಮಾಡಿ, ಇಲ್ಲವೇ ಬಾಕ್ಸ್ ಒಳಗಿನ ಚೀಟಿ ಓದಿ. ನಿಮ್ಮ ವಾರ್ಡ್‌ನಲ್ಲಿ ದಿನಾ ಓಡುವ ಹತ್ತು ಹದಿನೈದು ಔಷಧಿಗಳಿಗೆ ಡೋಸ್, ಯಾವುದರಲ್ಲಿ ಕಲಸಬೇಕು, ಎಷ್ಟು ನಿಮಿಷ ಎಂದು ಒಂದು ಹಾಳೆ ಮಾಡಿ, ಇನ್‌ಚಾರ್ಜ್ ಮತ್ತು ಫಾರ್ಮಸಿಯವರ ಹತ್ತಿರ ತಿದ್ದಿಸಿ, ಇಂಜೆಕ್ಷನ್ ಟ್ರಾಲಿಗೆ ಅಂಟಿಸಿ.