ಟೆನ್ಸ್ ಪಟ್ಟಿ ಮುಚ್ಚಿಡಿ, ಮೊದಲು 'ಬರೆಯಲಿಲ್ಲ' ಮತ್ತು 'ಬರೆದಿಲ್ಲ' ನೋಡಿ

ಹತ್ತನೇ ಕ್ಲಾಸಿನವರೆಗೆ ಕಾಸರಗೋಡಿನ ಕನ್ನಡ ಮಾಧ್ಯಮ, ಈಗ ಪ್ಲಸ್ ವನ್ ಇಂಗ್ಲಿಷ್‌ನಲ್ಲಿ, ಹನ್ನೆರಡು ಟೆನ್ಸ್‌ಗಳ ಪಟ್ಟಿ ಬಾಯಿಪಾಠ ಬರುತ್ತದೆ, ಆದರೆ ಒಂದು ವಾಕ್ಯ ಬರೆಯಲು ಕೂತರೆ ಕೈ ಓಡುವುದಿಲ್ಲ, ಯಾವ ಪುಸ್ತಕ ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಬದಿಯಡ್ಕ ಕಡೆಯವನು, ಇದೇ ದಾರಿಯಲ್ಲಿ ಬಂದವನು. ಹೊಸ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಶಾಲೆಯ ಗ್ರಾಮರ್ ಪುಸ್ತಕವೇ ಸಾಕು. ಆ ಪಟ್ಟಿಗೂ ನೀವು ಮನೆಯಲ್ಲಿ ಆಡುವ ಮಾತಿಗೂ ಏನು ಸಂಬಂಧ ಅಂತ ಯಾರೂ ತೋರಿಸಿಕೊಟ್ಟಿಲ್ಲ, ತೊಂದರೆ ಅಷ್ಟೇ.

ನಾನು ಪ್ಲಸ್ ವನ್‌ನಲ್ಲಿದ್ದಾಗ ಒಂದು ದಿನ ಫಿಸಿಕ್ಸ್ ರೆಕಾರ್ಡ್ ಬರೆಯದೆ ಹೋಗಿದ್ದೆ. ಕಾರಣ ಬರೆದುಕೊಡು ಅಂದರು. 'ಐ ಡಿಡ್ ನಾಟ್ ರೋಟ್' ಅಂತ ಬರೆದೆ. ಕೆಂಪು ಗೆರೆ ಬಿತ್ತು, ಯಾಕೆ ಅಂತ ಯಾರೂ ಹೇಳಲಿಲ್ಲ. ನಿನ್ನೆಯ ವಿಷಯ ಅಲ್ವಾ, ಹಾಗಾದರೆ ರೋಟ್ ಬರಲೇಬೇಕು ಅಂತ ನನ್ನ ಲೆಕ್ಕ. ಸಂಜೆ ಮನೆಯಲ್ಲಿ ಚಿಕ್ಕಮ್ಮನಿಗೆ ತೋರಿಸಿದೆ. ಅವರು ಅಡಿಕೆ ಸುಲಿಯುತ್ತಿದ್ದರು, ತಲೆ ಎತ್ತದೆ ಕೇಳಿದರು: "ನೀನು 'ಬರೆದೆ ಇಲ್ಲ' ಅಂತ ಹೇಳ್ತೀಯಾ, 'ಬರೆಯಲಿಲ್ಲ' ಅಂತ ಹೇಳ್ತೀಯಾ?"

ಅಲ್ಲಿಂದ ನನಗೆ ದಾರಿ ಕಂಡಿತು. 'ಬರೆದೆ' ಅನ್ನುವಾಗ ನಿನ್ನೆಯ ಗುರುತು ಆ ಮಾತಿನಲ್ಲೇ ಇದೆ. 'ಇಲ್ಲ' ಬಂದ ಕೂಡಲೇ 'ದ' ಹೋಯಿತು, 'ಬರೆಯಲಿಲ್ಲ' ಆಯಿತು. ಇಂಗ್ಲಿಷ್‌ನಲ್ಲೂ ಹಾಗೇ, ನಿನ್ನೆಯ ಗುರುತನ್ನು ಡಿಡ್ ತೆಗೆದುಕೊಂಡ ಮೇಲೆ ರೋಟ್ ಮತ್ತೆ ರೈಟ್ ಆಗಬೇಕು. ಡಿಡ್ ನಾಟ್ ರೈಟ್. ಪ್ರಶ್ನೆ ಕೇಳುವಾಗಲೂ ಇದೇ, ಡಿಡ್ ಯು ರೈಟ್. ಇನ್ನು 'ಬರೆದಿಲ್ಲ' ನೋಡಿ. ಇದು ಬೇರೆ, ಅಲ್ವಾ? 'ಬರೆಯಲಿಲ್ಲ' ಅಂದರೆ ಆ ಹೊತ್ತು ಕಳೆದೇ ಹೋಯಿತು. 'ಬರೆದಿಲ್ಲ' ಅಂದರೆ ಈ ಕ್ಷಣಕ್ಕೂ ರೆಕಾರ್ಡ್ ಖಾಲಿ. ಅದೇ ಹ್ಯಾವ್ ನಾಟ್ ರಿಟನ್. 'ಬರೆಯುವುದಿಲ್ಲ' ಡು ನಾಟ್ ರೈಟ್ ಕೂಡ ಹೌದು, ವಿಲ್ ನಾಟ್ ರೈಟ್ ಕೂಡ ಹೌದು. ಈ ಮೂರನ್ನು ನೀವು ಚಿಕ್ಕಂದಿನಿಂದ ತಪ್ಪಿಲ್ಲದೆ ಹೇಳುತ್ತಾ ಬಂದಿದ್ದೀರಿ.

ಎಲ್ಲರೂ ಹೆದರುವ ಪ್ರೆಸೆಂಟ್ ಪರ್ಫೆಕ್ಟ್ ಕೂಡ ನಮ್ಮ ಅಂಗಳದಲ್ಲೇ ಇದೆ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ನೆಲ ಒದ್ದೆ, ಒಣಗಲು ಹಾಕಿದ ಅಡಿಕೆ ಒದ್ದೆ. ಮಳೆ ಸುರಿದದ್ದನ್ನು ನೀವು ನೋಡಿಲ್ಲ. ಆಗ ಬಾಯಿಗೆ ಬರುವುದು 'ಮಳೆ ಬಂದಿದೆ'. ಇಟ್ ಹ್ಯಾಸ್ ರೇನ್ಡ್. ಆಗಿಹೋದ ಕೆಲಸದ ಫಲ ಈಗ ಕಣ್ಣೆದುರು ಇದೆ. ನಿಮ್ಮ ಮನೆಮಾತು ತುಳು ಆದರೆ 'ಮಾಮ ಬತ್ತೆರ್' ಮತ್ತು 'ಮಾಮ ಬೈದೆರ್' ಹೇಳಿ ನೋಡಿ. ಬೈದೆರ್ ಅಂದಾಗ ಮಾವ ಚಾವಡಿಯಲ್ಲಿ ಕೂತಿದ್ದಾರೆ. ಬಸ್ಸಿನಲ್ಲಿ ಕೇಳುವ ಮಲಯಾಳದಲ್ಲೂ 'ವನ್ನು', 'ವನ್ನಿಟ್ಟುಂಡ್' ಅಂತ ಇದೇ ಎರಡು ಇವೆ. ಮೂರು ಭಾಷೆಯಲ್ಲಿ ಇಷ್ಟು ಸಲೀಸಾಗಿ ಈ ವ್ಯತ್ಯಾಸ ಮಾಡುವ ನಮ್ಮ ಊರಿನ ಮಕ್ಕಳಿಗೆ 'ಗ್ರಾಮರ್ ಬರುವುದಿಲ್ಲ' ಅಂತ ಹೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಆದರೆ ಕನ್ನಡ ಕೈಕೊಡುವ ಜಾಗಗಳೂ ಇವೆ, ಅಲ್ಲಿ ಜಾಸ್ತಿ ಹುಷಾರಾಗಿರಬೇಕು. 'ನಿನ್ನೆಯೇ ಕಳಿಸಿದ್ದೇನೆ' ನಮ್ಮಲ್ಲಿ ಸರಿ. ಇಂಗ್ಲಿಷ್‌ನಲ್ಲಿ ಯೆಸ್ಟರ್ಡೇ ಬಂದರೆ ಹ್ಯಾವ್ ಬರಬಾರದು, ಐ ಸೆಂಟ್ ಇಟ್ ಯೆಸ್ಟರ್ಡೇ ಅಷ್ಟೇ. 'ಹೋಗುತ್ತೇನೆ' ಅನ್ನುವುದು ದಿನಾ ಹೋಗುವುದಕ್ಕೂ ನಡೆಯುತ್ತದೆ, ನಾಳೆಗೂ ನಡೆಯುತ್ತದೆ, ಇಂಗ್ಲಿಷ್‌ನಲ್ಲಿ ದಿನಾ ಆದರೆ ಐ ಗೋ, ನಾಳೆ ಆದರೆ ಐ ವಿಲ್ ಗೋ ಅಥವಾ ಐ ಆಮ್ ಗೋಯಿಂಗ್. 'ಐದು ವರ್ಷದಿಂದ ಇಲ್ಲಿ ಇದ್ದೇನೆ' ಅನ್ನುವುದನ್ನು ಹಾಗೇ ತಿರುಗಿಸಿ ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್ ಅಂತ ಬರೆದರೆ ಎರಡು ತಪ್ಪು. ಐ ಹ್ಯಾವ್ ಬೀನ್ ಹಿಯರ್ ಆಗಬೇಕು. ನಮ್ಮ 'ಇಂದ' ಒಂದೇ, ಅವರಿಗೆ ಎರಡು: ಎಷ್ಟು ಕಾಲ ಅನ್ನುವುದಕ್ಕೆ ಫಾರ್, ಯಾವಾಗ ಶುರುವಾಯಿತು ಅನ್ನುವುದಕ್ಕೆ ಸಿನ್ಸ್. ಫಾರ್ ಫೈವ್ ಇಯರ್ಸ್, ಸಿನ್ಸ್ 2019.

ಇನ್ನೊಂದು, ಹಿ ಗೋಸ್ ಅನ್ನುವಾಗ ಬರುವ ಆ ಎಸ್. ಮಲಯಾಳದಲ್ಲಿ ಯಾರು ಹೋದರೂ 'ಪೋಯಿ', ಒಂದೇ. ಕನ್ನಡದಲ್ಲಿ ಹೋದೆ, ಹೋದ, ಹೋದಳು, ಹೋದರು, ಎಲ್ಲವೂ ಬೇರೆ. ಇಂಗ್ಲಿಷ್ ಎರಡರ ನಡುವೆ ಇದೆ, ಬೀ (ಆಮ್, ಈಸ್, ಆರ್, ವಾಸ್, ವರ್) ಒಂದನ್ನು ಬಿಟ್ಟರೆ ಅವನು, ಅವಳು, ಅದು ಅನ್ನುವಾಗ ಮಾತ್ರ ಈ ಎಸ್ ಉಳಿದಿದೆ, ಅದೂ ಪ್ರೆಸೆಂಟ್‌ನಲ್ಲಿ. ಡಸ್ ಬಂದರೆ ಅದೂ ಹೋಗುತ್ತದೆ.

ದಿನಾ ಮನೆಯಲ್ಲಿ ನಡೆದ ಐದು ಸಂಗತಿ ಕನ್ನಡದಲ್ಲಿ ಬರೆಯಿರಿ. ಕೊನೆಯ ಕ್ರಿಯಾಪದಕ್ಕೆ ಗೆರೆ ಹಾಕಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಿರಿ. ಮರುದಿನ ಅದೇ ಐದನ್ನು 'ಇಲ್ಲ' ಸೇರಿಸಿ ಬರೆಯಿರಿ, ಅದರ ಮರುದಿನ ಪ್ರಶ್ನೆ ಮಾಡಿ. ಗೋ ವೆಂಟ್ ಗಾನ್ ಪಟ್ಟಿಯನ್ನು ಹೀಗೆ ಬಳಸುತ್ತಾ ಕಲಿಯಿರಿ, ಕೊಡು ಕೊಟ್ಟೆ, ಬೀಳು ಬಿದ್ದೆ, ತರು ತಂದೆ ಎಲ್ಲ ನೀವು ಹಾಗೇ ಕಲಿತದ್ದು. ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್ ಅಂತ ಪಟ್ಟಿಯ ಕೊನೆಯಲ್ಲಿ ಇದೆಯಲ್ಲ, ಅದನ್ನು ಪರೀಕ್ಷೆಗೆ ಬೇಕಾದಷ್ಟು ಓದಿಕೊಳ್ಳಿ. ನಾನು ಎಂಟು ವರ್ಷದಿಂದ ಮಂಗಳೂರಿನ ಒಂದು ಆಫೀಸಿನಲ್ಲಿ ಇಂಗ್ಲಿಷ್ ಪತ್ರಗಳನ್ನೇ ಬರೆಯುತ್ತಿದ್ದೇನೆ, ಅದು ಒಮ್ಮೆಯೂ ಬೇಕಾಗಿಲ್ಲ.