ಅಮೆರಿಕದಲ್ಲಿ ವೋಟು ಎಣಿಕೆ ನೆಟ್ಟಗೆ ನಡೆಯುತ್ತಾ ಅಂತ ತಿಳಿಯಲು ಯಾವ ಚಾನೆಲ್ ನೋಡಬೇಕು?

2020ರಲ್ಲಿ ನನ್ನ ತಲೆ ತಿಂದಿದ್ದೂ ಇದೇ ಪ್ರಶ್ನೆ. ಆಗ ಫಿಲಡೆಲ್ಫಿಯಾ ಹತ್ತಿರ ಇದ್ದೆ. ಪೌರತ್ವ ಸಿಕ್ಕ ಮೇಲೆ ಮೊದಲ ಅಧ್ಯಕ್ಷೀಯ ಚುನಾವಣೆ. ಕೋವಿಡ್ ಅಂತ ಅಂಚೆಯಲ್ಲೇ ವೋಟು ಹಾಕಿದೆ.

ಚುನಾವಣೆಯ ಮಂಗಳವಾರ ರಾತ್ರಿ ಟಿವಿಯಲ್ಲಿ ನೋಡಿದರೆ ನಾನಿದ್ದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಟ್ರಂಪ್ ಲಕ್ಷಗಟ್ಟಲೆ ವೋಟು ಮುಂದೆ. ದಿನ ಕಳೆದಂತೆ ಅಂತರ ಕರಗಿತು, ಶನಿವಾರ ಬೈಡನ್ ಗೆದ್ದರು ಅಂದರು. ಒಬ್ಬರು ಮೋಸ ಅನ್ನುತ್ತಾರೆ, ಇನ್ನೊಬ್ಬರು ಸುಮ್ನೆ ಬೊಗಳೆ ಅನ್ನುತ್ತಾರೆ. ಐದು ದಿನ ನಾನು ರಿಮೋಟ್ ಕೈಬಿಡಲಿಲ್ಲ. ಕಾರಣ ನೋಡಿದರೆ ಬಹಳ ಸಪ್ಪೆ. ಅಂಚೆ ಕವರುಗಳನ್ನು ಚುನಾವಣೆ ದಿನ ಬೆಳಿಗ್ಗೆ 7ಕ್ಕೆ ಮೊದಲು ಒಡೆಯುವಂತಿಲ್ಲ ಅನ್ನುತ್ತದೆ ಅಲ್ಲಿನ ಕಾನೂನು. ಹಾಗಾಗಿ ಅವುಗಳ ಎಣಿಕೆ ತಡವಾಯಿತು, ಅಂಚೆಯಲ್ಲಿ ವೋಟು ಹಾಕಿದವರಲ್ಲಿ ಬೈಡನ್ ಕಡೆಯವರೇ ಜಾಸ್ತಿ.

ಇಷ್ಟೆಲ್ಲ ಕಾವಲು ಕಾಯ್ದವನ ವೋಟೇ ಎಣಿಕೆಗೆ ಹೋಗಿರಲಿಲ್ಲ! ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆಫೀಸಿಗೆ ಫೋನ್ ಮಾಡಿದಾಗ ಗೊತ್ತಾಯಿತು. ತಪ್ಪು ನನ್ನದೇ. ಅಲ್ಲಿ ಎರಡು ಕವರು ಕೊಡುತ್ತಾರೆ. ಮತಪತ್ರ ಒಳಗಿನ ಕವರಿಗೆ, ಅದರ ಮೇಲೆ ಹೆಸರಿರುವುದಿಲ್ಲ. ಅದನ್ನು ಹೊರಗಿನ ಕವರಿಗೆ ಹಾಕಿ ಸಹಿ, ತಾರೀಖು ಬರೆಯಬೇಕು. ಯಾರು ಯಾರಿಗೆ ಹಾಕಿದರು ಅಂತ ಕವರು ಒಡೆಯುವವರಿಗೂ ತಿಳಿಯಬಾರದು, ಅದಕ್ಕೆ ಈ ಏರ್ಪಾಡು. ನಾನು ಒಳಗಿನ ಕವರನ್ನು ಹೆಚ್ಚಿಗೆ ಬಂದಿದ್ದು ಅಂದುಕೊಂಡು ಕರೆಂಟು ಬಿಲ್ಲಿನ ಜೊತೆ ಡ್ರಾಯರಿಗೆ ಹಾಕಿದ್ದೆ. ಹಾಗೆ ಬಂದ ಮತಪತ್ರಕ್ಕೆ ಅಲ್ಲಿ 'ನೇಕೆಡ್ ಬ್ಯಾಲೆಟ್' ಅನ್ನುತ್ತಾರೆ, ಬೆತ್ತಲೆ ಮತಪತ್ರ. ಅಂಥವನ್ನು ಎಣಿಸಬಾರದು ಅಂತ ಆ ರಾಜ್ಯದ ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರಿನಲ್ಲಿ ಹೇಳಿತ್ತು. ಸೂಚನೆ ಹಾಳೆ ಕವರಿನ ಜೊತೆಗೇ ಇತ್ತು. ಟಿವಿ ನೋಡುತ್ತಾ ಅಂಟಿಸಿದವನು ಅದನ್ನೆಲ್ಲಿ ಓದುತ್ತೇನೆ?

ಅದಕ್ಕೇ ಹೇಳುತ್ತೇನೆ, ಚಾನೆಲ್ ಪ್ರಶ್ನೆಯನ್ನೇ ಬಿಡಿ. ರೇಡಿಯೋ, ಟಿವಿ ಪ್ರಸಾರದವರು ಎರಡೂ ಕಡೆಯ ಮಾತು ಕೇಳಿಸಬೇಕೆಂಬ ನಿಯಮ, 'ಫೇರ್‌ನೆಸ್ ಡಾಕ್ಟ್ರಿನ್', 1987ರಲ್ಲೇ ಹೋಯಿತು. ನಮ್ಮ ಚುನಾವಣಾ ಆಯೋಗದ ಹಾಗೆ ಇಡೀ ದೇಶದ ಎಣಿಕೆ ನಡೆಸುವ ಸಂಸ್ಥೆಯೂ ಅಲ್ಲಿಲ್ಲ. ರಾತ್ರಿ 'ಗೆದ್ದರು' ಅನ್ನುವುದು ಎಪಿ ಸುದ್ದಿ ಸಂಸ್ಥೆ ಮತ್ತು ಚಾನೆಲ್‌ಗಳ ಲೆಕ್ಕಾಚಾರ ಅಷ್ಟೇ. ನಿಜವಾದ ಎಣಿಕೆ ಇರುವುದು ಕೌಂಟಿಯಲ್ಲಿ. ನಿಮ್ಮದು ಯಾವ ರಾಜ್ಯವೋ, ನಿಯಮ ಬೇರೆ ಇರುತ್ತದೆ, ಆ ಹಾಳೆ ಮೊದಲು ಓದಿ.

ಆಮೇಲಿಂದ ನಾನು ಮತಗಟ್ಟೆ ಕೆಲಸಕ್ಕೇ ಹೋಗುತ್ತೇನೆ. ರಾತ್ರಿ 8ಕ್ಕೆ ಬಾಗಿಲು ಮುಚ್ಚಿದ ಮೇಲೆ ಯಂತ್ರದಿಂದ ಕಿರಾಣಿ ಬಿಲ್ಲಿನಂಥ ಉದ್ದನೆ ಚೀಟಿ ಬರುತ್ತದೆ. ವೋಟು ಹಾಕಿದವರ ಪಟ್ಟಿಗೂ ಅದಕ್ಕೂ ತಾಳೆ ನೋಡುತ್ತೇವೆ. ಫಲಿತಾಂಶದ ಒಂದು ಪ್ರತಿ ಹೊರಗೆ ಬಾಗಿಲಿಗೆ ಅಂಟಿಸುತ್ತೇವೆ, ಯಾರು ಬೇಕಾದರೂ ಓದಬಹುದು. ಕಳೆದ ಸಲ ಓದಲು ನಿಂತವರು ಒಬ್ಬರೇ. ನಾಯಿ ಕರೆದುಕೊಂಡು ವಾಕಿಂಗ್ ಬಂದಿದ್ದರು.