ಓದುಗರ ಪ್ರಶ್ನೆ: ನಮ್ಮ ಕನ್ನಡ ಕಲಬೆರಕೆಯೇ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಳೆಯ ಪ್ರಶ್ನೆಗಳೇ. ಊರಿನ ಹೆಸರು ಮಾತ್ರ ಬೇರೆ. ಅವನ್ನು ಮೊದಲು ತೀರಿಸಿಬಿಡುತ್ತೇನೆ.

ಮಸ್ಕಿಯ ಅಶೋಕನ ಶಾಸನ ಕನ್ನಡದ ಮೊದಲ ಶಾಸನವಲ್ಲವೇ? — ಲಿಂಗಸುಗೂರು

ಅಲ್ಲ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 1915ರಲ್ಲಿ ಬೆಳಕಿಗೆ ಬಂದಾಗ ಅದು ಹೆಸರಾದದ್ದು, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಅಲ್ಲಿದ್ದುದರಿಂದ. ಆ ಹಿರಿಮೆ ಸಾಲದೆಂದು ಇಲ್ಲದ ಕನ್ನಡವನ್ನು ಬಂಡೆಯ ಬಾಯಿಗೆ ತುರುಕಬೇಡಿ.

ಕನ್ನಡ ಸಂಸ್ಕೃತದಿಂದ ಹುಟ್ಟಿದ್ದು ತಾನೆ? — ಕಂಪ್ಲಿ

ಅಲ್ಲ. ಹೋದ ವರ್ಷವೂ ಅಲ್ಲ ಎಂದೇ ಬರೆದಿದ್ದೆ.

ಋಷಿಯೊಬ್ಬರು ಕೋಪಗೊಂಡ ಜಾಗವಾದ್ದರಿಂದ ಕೊಪ್ಪಳ ಎಂಬ ಹೆಸರು ಬಂತಂತೆ, ನಿಜವೇ? — ಕುಷ್ಟಗಿ

ಶಾಸನ, ಕಾವ್ಯಗಳಲ್ಲಿ ಸಾವಿರ ವರ್ಷಗಳ ಹಿಂದೆಯೇ ಸಿಗುವ ಹೆಸರು ‘ಕೊಪಣ’. ಹೆಸರಿಗೆ ಹೊಂದುವ ಕತೆ ಕಟ್ಟುವುದು ಸುಲಭ. ಕತೆಗೆ ಹೊಂದುವ ಶಾಸನ ತೋರಿಸಿ, ಆಮೇಲೆ ಮಾತನಾಡೋಣ.

ನಾನು ಸಿಂಧನೂರು ಕಡೆಯವಳು, ಕೆಲಸ ಮೈಸೂರಿನಲ್ಲಿ. ‘ಜಲ್ದಿ’, ‘ಖರೆ’, ‘ಹಕೀಕತ್ತು’ ಎಂದರೆ ಕಚೇರಿಯಲ್ಲಿ ನಗುತ್ತಾರೆ, ನಿಮ್ಮದು ಅರ್ಧ ಉರ್ದು ಎನ್ನುತ್ತಾರೆ. ಬಿಡಬೇಕಾದ ಪದಗಳ ಪಟ್ಟಿಯೊಂದು ಮೊಬೈಲಿಗೆ ಬಂದಿದೆ. ಮಗಳಿಗೆ ಅದರ ಪ್ರಕಾರ ಶುದ್ಧ ಕನ್ನಡ ಕಲಿಸಲೇ?

ನೀವು ಕಳಿಸಿದ ಪಟ್ಟಿ ನೋಡಿದೆ, ತಂಗಿ. ‘ತಾರೀಖು’ ಬಿಟ್ಟು ‘ದಿನಾಂಕ’ ಎನ್ನಬೇಕಂತೆ, ‘ಕುರ್ಚಿ’ ಬಿಟ್ಟು ‘ಆಸನ’, ‘ನಕಲು’ ಬಿಟ್ಟು ‘ಪ್ರತಿ’. ಬಲಗಡೆಯ ಸಾಲಿನಲ್ಲಿ ಕನ್ನಡ ಎಲ್ಲಿದೆ? ಮೂರೂ ಸಂಸ್ಕೃತ. ಒಬ್ಬ ಸಾಹುಕಾರನ ಸಾಲ ತೀರಿಸಲು ಇನ್ನೊಬ್ಬನ ಮುಂದೆ ಕೈಯೊಡ್ಡಿ, ಸಾಲ ಹರಿಯಿತೆಂದು ಡಂಗುರ ಸಾರಿದ ಹಾಗಾಯಿತು. ಇಂಥ ಪಟ್ಟಿ ತಯಾರು ಮಾಡುವವರು ನಿಘಂಟು ತೆರೆಯುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. (‘ತಯಾರು’, ‘ತಕರಾರು’ ಎರಡೂ ಅದೇ ಪಟ್ಟಿಯಲ್ಲಿವೆ. ಬೇಕೆಂದೇ ಬಳಸಿದ್ದೇನೆ.)

ನನ್ನ ಟ್ರಂಕಿನಲ್ಲಿ ಅಜ್ಜನ ಕಾಲದ ಒಂದು ರಸೀದಿ ಇದೆ. ಹೊಲದ ತೀರುವೆ ಕಟ್ಟಿದ್ದಕ್ಕೆ ಕೊಟ್ಟದ್ದು. ಮಡಿಕೆಯುದ್ದಕ್ಕೂ ಹರಿದು ಎರಡಾಗಿದೆ. ಅಚ್ಚಾದದ್ದೆಲ್ಲ ಉರ್ದು ಲಿಪಿ. ವರ್ಷದ ಜಾಗದಲ್ಲಿ 1352 ಫಸಲಿ. ಮೂಲೆಯಲ್ಲಿ ಅಜ್ಜನ ಸಹಿ, ಕನ್ನಡದಲ್ಲಿ, ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಇಸವಿ ಬೇಕಿದ್ದರೆ 590 ಕೂಡಿಸಿ: 1942–43. ಚಂದ್ರನ ಲೆಕ್ಕದ ಮುಸ್ಲಿಂ ಪಂಚಾಂಗದ ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಬ್ಬಗಳು ಋತುವಿನಿಂದ ಋತುವಿಗೆ ಜಾರುತ್ತವೆ. ಆದರೆ ಕಂದಾಯ ಜಾರುವಂತಿಲ್ಲ, ರೈತ ದುಡ್ಡು ಕೊಡುವುದು ಬೆಳೆ ಕೈಗೆ ಬಂದ ಮೇಲೆ. ಅದಕ್ಕೆಂದೇ ಫಸಲಿನ ಲೆಕ್ಕದ ಈ ಬೇರೆ ವರ್ಷ.

ರಾಯಚೂರು, ಕೊಪ್ಪಳಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಅದಕ್ಕೂ ಮುಂಚೆ ಫಾರ್ಸಿ. ಈಗ ಯಾವ ಪದ ಎಲ್ಲಿಗೆ ಬಂತೆಂದು ನೋಡಿ. ಜಮೀನು, ಹಕ್ಕು, ಬಾಕಿ, ವಸೂಲಿ, ಜಪ್ತಿ, ದಸ್ತಾವೇಜು, ವಕೀಲ, ಕೊನೆಗೆ ಅಜ್ಜ ಹಾಕಿದ ‘ಸಹಿ’ಯೂ ಅರಬ್ಬಿ, ಫಾರ್ಸಿಗಳಿಂದ ಬಂದದ್ದೇ. ಅದೇ ಅಜ್ಜನ ಹಿಂದೆ ಹೊಲಕ್ಕೆ ಹೋಗಿ: ಎರೆ, ಮಸಾರಿ, ಕುಂಟೆ, ಕೂರಿಗೆ, ಮಿಣಿ, ಕಣ, ಹಗೇವು. ಆಳುವವರ ಮಾತು ಕಚೇರಿಯನ್ನು ತುಂಬಿತು. ಕಣಕ್ಕೆ ಅವರು ಬಂದದ್ದು ಪಾಲು ಕೇಳಲು ಮಾತ್ರ. ನನ್ನ ತಂದೆ ಉರ್ದು ಮಾಧ್ಯಮದಲ್ಲಿ ಓದಿದವರು, ಅರ್ಜಿಯನ್ನು ಸೊಗಸಾದ ಉರ್ದುವಿನಲ್ಲಿ ಬರೆಯುತ್ತಿದ್ದರು. ಎತ್ತುಗಳನ್ನು ಬೈಯುತ್ತಿದ್ದುದು ಮಾತ್ರ ಕನ್ನಡದಲ್ಲಿ.

ಇದು ಕಬ್ಬಿಣದ ಕಟ್ಟಳೆಯೇನಲ್ಲ. ‘ಜಲ್ದಿ’ ಕಚೇರಿಯಿಂದ ಬಂದದ್ದಲ್ಲ, ಸಂತೆಯಿಂದ, ಪಕ್ಕದ ಮನೆಯಿಂದ ಬಂದದ್ದು. ‘ಖರೆ’ ಮರಾಠಿಯ ಬಳಗದ್ದು. ‘ಕಾಕಾ’ ನಮ್ಮ ಅಡುಗೆಮನೆಯವರೆಗೂ ಬಂದು ಕೂತಿದ್ದಾನೆ. ಮುದಗಲ್ಲಿನ ಮೊಹರಂ ನೋಡಿದ್ದೀರಾ? ಕರ್ಬಲಾದ ಕತೆ, ಹಾಡಿನ ಹೆಸರು ‘ರಿವಾಯತ್’, ಅದೂ ಅರಬ್ಬಿ. ಹಾಡುವ ಭಾಷೆ ಕನ್ನಡ, ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ‘ಪೀರಲ ದೇವರು’ ಎನ್ನುವಾಗ ಫಾರ್ಸಿಯ ಪೀರನ ಪಕ್ಕ ಸಂಸ್ಕೃತದಿಂದ ಕನ್ನಡಕ್ಕೆ ಬಂದ ದೇವರು ಕೂರುತ್ತಾನೆ. ಪಟ್ಟಿಯವರು ಇದನ್ನು ಹೇಗೆ ಬಿಡಿಸುತ್ತಾರೋ ನೋಡಬೇಕು.

ಇನ್ನು ನಕ್ಕವರ ವಿಷಯ. ಅವರು ರಜೆ ಕೇಳುವುದಿಲ್ಲವೇ, ಖರ್ಚು ಬರೆಯುವುದಿಲ್ಲವೇ, ಸರ್ಕಾರವನ್ನು ಬೈಯುವುದಿಲ್ಲವೇ? ಹಳೆಯ ಮೈಸೂರು ಸಂಸ್ಥಾನದ ತಾಲ್ಲೂಕಿನಲ್ಲಿ ಕೂತಿದ್ದವನು ಅಮಲ್ದಾರ, ಅವನ ಕೈಕೆಳಗೆ ಶೇಕದಾರ. ಇಬ್ಬರ ಹೆಸರಿನಲ್ಲೂ ಕನ್ನಡ ಇಲ್ಲ. ನಮ್ಮಲ್ಲಿ ಆ ಪದಗಳು ಕೇಳಿಸುತ್ತವೆ, ಅವರಲ್ಲಿ ಕಿವಿಗೆ ರೂಢಿಯಾಗಿವೆ, ಅಷ್ಟೇ ವ್ಯತ್ಯಾಸ.

ಬೇಕಿದ್ದರೆ ಅವರಿಗೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತೋರಿಸಿ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನ ನಾಡೇ ಕನ್ನಡದ ತಿರುಳು ಎನ್ನುತ್ತದೆ. ಕೊಪಣ ಎಂದರೆ ನಮ್ಮ ಕೊಪ್ಪಳ. ಆದರೆ ಅದನ್ನು ಹಿಡಿದು ಎದೆ ತಟ್ಟಿಕೊಳ್ಳಲೂ ಹೋಗಬೇಡಿ. ಅದು ರಾಷ್ಟ್ರಕೂಟರ ಆಸ್ಥಾನದ ಕಿವಿ. ಆಸ್ಥಾನ ಎತ್ತ ತಿರುಗುತ್ತದೋ ‘ಒಳ್ಳೆಯ ಕನ್ನಡ’ವೂ ಅತ್ತ ತಿರುಗುತ್ತದೆ. ಈಗ ಅದು ದಕ್ಷಿಣಕ್ಕೆ ಮುಖ ಮಾಡಿದೆ.

ನಾನೂ ತಪ್ಪಿದವನೇ. ‘ರೈತ’ ಅಚ್ಚಗನ್ನಡ ಪದವೆಂದು ಹತ್ತು ವರ್ಷ ಪಾಠ ಮಾಡಿದೆ. ಅದು ಅರಬ್ಬಿಯ ‘ರಯ್ಯತ್’, ಆಳಿಸಿಕೊಳ್ಳುವ ಪ್ರಜೆ. ನಮ್ಮಲ್ಲಿ ‘ಒಕ್ಕಲಿಗ’, ‘ಒಕ್ಕಲುತನ’ ಇದ್ದೂ ಕಂದಾಯದ ಪುಸ್ತಕದಲ್ಲಿ ರೈತನೇ ನಿಂತ. ಗೊತ್ತಾದ ದಿನ ನಾಚಿಕೆಯಾಯಿತು. ಅಂದಿನಿಂದ ನಿಘಂಟು ನೋಡದೆ ಯಾವ ಪದದ ಜಾತಕವನ್ನೂ ಹೇಳುವುದಿಲ್ಲ, ನೀವೂ ಹೇಳಬೇಡಿ.

ನಿಮ್ಮ ಸಿಂಧನೂರಿನ ಸುತ್ತ ಎಷ್ಟು ಊರುಗಳ ಹೆಸರು ‘ಕ್ಯಾಂಪ್’ ಎಂದು ಮುಗಿಯುತ್ತದೆ? 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಭತ್ತ ಬೆಳೆಯುವವರು ಬಂದು ನೆಲೆಸಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಅಲ್ಲೇ ಜಾಗ ಸಿಕ್ಕಿತು. ಒಂದು ಇಂಗ್ಲಿಷ್ ಪದದಲ್ಲಿ ಅಣೆಕಟ್ಟು, ವಲಸೆ, ಭತ್ತ ಮೂರೂ ಇವೆ. ಪಟ್ಟಿಯವರ ಮಾತು ಕೇಳಿ ಅದನ್ನು ‘ಶಿಬಿರ’ ಮಾಡಿದರೆ ಬಸ್ಸಿನವನು ನಿಮ್ಮನ್ನು ಇಳಿಸುವುದು ಎಲ್ಲಿ?

ಮಗಳು ಪರೀಕ್ಷೆಯಲ್ಲಿ ‘ಬೇಗ’ ಎಂದು ಬರೆಯಲಿ, ಅಜ್ಜಿಯ ಹತ್ತಿರ ‘ಜಲ್ದಿ’ ಎನ್ನಲಿ. ಆ ಮೊಬೈಲ್ ಪಟ್ಟಿ ಅಳಿಸಿಹಾಕಿ, ಇನ್ನೊಬ್ಬರಿಗೆ ಕಳಿಸಬೇಡಿ.

ನಮ್ಮ ಹಾಲು, ಹುಲಿ ತೆಲುಗಿನ ಪಾಲು, ಪುಲಿಯಿಂದ ಬಂದವೇ? — ಸಿರುಗುಪ್ಪ

ಹಳಗನ್ನಡದಲ್ಲೂ ಪಾಲ್, ಪುಲಿ ಎಂದೇ ಇತ್ತು. ನಾವು ಪಕಾರವನ್ನು ಹಕಾರ ಮಾಡಿಕೊಂಡೆವು, ತೆಲುಗು ಹಾಗೇ ಉಳಿಸಿಕೊಂಡಿತು. ಪಂಪೆ ಹಂಪೆಯಾದದ್ದೂ ಹೀಗೆಯೇ. ಅಕ್ಕತಂಗಿಯರ ಮೂಗು ಒಂದೇ ಥರ ಇದ್ದರೆ ಒಬ್ಬಳು ಇನ್ನೊಬ್ಬಳಿಂದ ಕದ್ದಳು ಎನ್ನುತ್ತೀರಾ?

ಹೊಲದ ಬದುವಿನಲ್ಲಿ ಸೂರ್ಯ, ಚಂದ್ರ, ಆಕಳು-ಕರು ಕೆತ್ತಿದ ಬರಹದ ಕಲ್ಲಿದೆ. ನಿಧಿಯ ಗುರುತು ಎಂದು ಒಬ್ಬರು ಹೇಳಿದ್ದಾರೆ, ಓದಿಕೊಡಲು ಐದು ಸಾವಿರ ಕೇಳುತ್ತಿದ್ದಾರೆ. — ಯಲಬುರ್ಗಾ

ಅವನಿಗೆ ಐದು ಪೈಸೆಯನ್ನೂ ಕೊಡಬೇಡಿ. ಸೂರ್ಯಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂಬುದು ಆ ಚಿತ್ರದ ಅರ್ಥ. ಅದು ದಾನಶಾಸನವೇ ಇರಬೇಕು. ಇಂಥವು ಸಾಮಾನ್ಯವಾಗಿ ದಾನದ ನೆಲ ಕಸಿದವನಿಗೆ ಶಾಪ ಹಾಕಿ ಮುಗಿಯುತ್ತವೆ: ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು. ನಿಮ್ಮ ಪಂಡಿತನಿಗೆ ಅದನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳಿ. ಇಂಥವರ ಮಾತು ಕೇಳಿ ಅಗೆದು, ಮೂರು ತುಂಡಾದ ಕಲ್ಲುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಅಕ್ಷರಗಳನ್ನು ಮೊಳೆಯಿಂದ ಕೆರೆಯಬೇಡಿ. ತಹಶೀಲ್ದಾರರಿಗೆ ತಿಳಿಸಿ. ಫೋಟೊ ಕಳಿಸುವುದಾದರೆ ನಡುಮಧ್ಯಾಹ್ನ ತೆಗೆಯಬೇಡಿ. ಬೆಳಿಗ್ಗೆ ಏಳರ ಓರೆ ಬಿಸಿಲು ಪಕ್ಕದಿಂದ ಬಿದ್ದಾಗ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ.